ಪರಿಸರ ಪರಿಣಾಮ ವರದಿ: ಅದನ್ನು ಓದುವ ಕ್ರಮ

೧. ಪೀಠಿಕೆ

ಅಣೆಕಟ್ಟು, ಗಣಿ, ಬಂದರು, ವಿದ್ಯುತ್ ಸ್ಥಾವರ ಮೊದಲಾದ ದೊಡ್ಡ ಯೋಜನೆಯೊಂದನ್ನು ಕೈಗೊಳ್ಳುವ ಮುನ್ನ, ಅದರಿಂದ ಆ ಪ್ರದೇಶದ ನೆಲ, ಜಲ, ಗಾಳಿ, ಕಾಡು ಹಾಗೂ ಜನಜೀವನದ ಮೇಲೆ ಉಂಟಾಗಬಹುದಾದ ಪರಿಣಾಮಗಳನ್ನು ಪರೀಕ್ಷಿಸಿ ಬರೆದಿಡುವ ಗ್ರಂಥಕ್ಕೆ ‘ಪರಿಸರ ಪರಿಣಾಮ ಮೌಲ್ಯಮಾಪನ ವರದಿ’ ಎಂದು ಹೆಸರು. ಇಂಗ್ಲಿಷಿನ ಆದ್ಯಕ್ಷರಗಳನ್ನು ಹಿಡಿದು ‘ಇ.ಐ.ಎ.’ ಎಂದು ಇದನ್ನು ಕರೆಯುವುದು ಕಚೇರಿಗಳಲ್ಲಿ ರೂಢಿಯಾಗಿದೆ. ಯೋಜನೆಗೆ ಸರಕಾರವು ಪರಿಸರ ಅನುಮತಿಯನ್ನು ಕೊಡುವುದೂ ಬಿಡುವುದೂ ಬಹುಮಟ್ಟಿಗೆ ಈ ಗ್ರಂಥವನ್ನು ಅವಲಂಬಿಸಿದೆ.

ಮುಂಬಯಿ, ಪುಣೆ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯವು ಹೊರಗಿನದಲ್ಲ. ಹುಟ್ಟೂರಿನಲ್ಲಿ ತುಂಡು ಗದ್ದೆ, ತೋಟ, ಮನೆತನದ ದೈವಸ್ಥಾನ ಉಳಿದಿರುವವರು ನಮ್ಮಲ್ಲಿ ಅನೇಕರು. ಕರಾವಳಿಯಲ್ಲಿಯೋ ಘಟ್ಟದ ಮೇಲೆಯೋ ಒಂದು ಯೋಜನೆಯ ಪ್ರಸ್ತಾಪ ಬಂದಾಗ ಊರಿನವರು ಪತ್ರ ಬರೆದು, “ಇದರಲ್ಲಿ ಏನಿದೆ, ಓದಿ ಹೇಳಿ” ಎಂದು ಕೇಳುವುದೂ ಉಂಟು. ಅಂಥ ಸಂದರ್ಭದಲ್ಲಿ ನೂರಾರು ಪುಟಗಳ ಈ ಇಂಗ್ಲಿಷ್ ಗ್ರಂಥವನ್ನು ಎಲ್ಲಿಂದ ಆರಂಭಿಸಿ ಹೇಗೆ ಓದಬೇಕೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ ಒಂದು ಮಾತನ್ನು ಸ್ಥಾಪಿಸುವ ಇಚ್ಛೆಯೂ ಇದೆ: ಕಾನೂನಿನಂತೆ ಕನ್ನಡದಲ್ಲಿ ದೊರೆಯುವ ಸಾರಾಂಶವನ್ನಷ್ಟೇ ಓದಿದವರಿಗೆ ಈ ಗ್ರಂಥದ ಹೃದಯಭಾಗವು ದೊರೆಯದೆಯೇ ಹೋಗಬಹುದು.

೨. ಕಾನೂನಿನ ಹಿನ್ನೆಲೆ

ಈ ಪದ್ಧತಿಯು ಮೊದಲು ಶಾಸನರೂಪವನ್ನು ತಾಳಿದ್ದು ಅಮೆರಿಕದಲ್ಲಿ, ೧೯೭೦ರ ಜನವರಿ ೧ರಂದು ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯ ಮೂಲಕ. ಭಾರತದಲ್ಲಿ ೧೯೭೦ರ ದಶಕದ ಉತ್ತರಾರ್ಧದಿಂದ ನದೀಕಣಿವೆ ಯೋಜನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಕ್ರಮವಿದ್ದಿತಾದರೂ ಅದಕ್ಕೆ ಕಾನೂನಿನ ಬಲವಿರಲಿಲ್ಲ. ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೧೯೯೪ರ ಜನವರಿ ೨೭ರಂದು ಹೊರಟ ಅಧಿಸೂಚನೆಯು ಅದನ್ನು ಕಡ್ಡಾಯಗೊಳಿಸಿತು. ೧೯೯೭ರಲ್ಲಿ ಸಾರ್ವಜನಿಕ ಆಲಿಕೆಯ ನಿಯಮವು ಸೇರಿತು. ೨೦೦೬ರ ಸೆಪ್ಟೆಂಬರ್ ೧೪ರ ಅಧಿಸೂಚನೆಯು ಹಿಂದಿನದರ ಸ್ಥಾನದಲ್ಲಿ ಬಂದಿತು. ಅನೇಕ ತಿದ್ದುಪಡಿಗಳಿಗೆ ಒಳಗಾದ ಇದರ ಚೌಕಟ್ಟಿನಲ್ಲಿಯೇ ಮುಂದಿನ ವಿವರಣೆ ನಡೆದಿದೆ.

ಈ ಅಧಿಸೂಚನೆಯ ಪಟ್ಟಿಯಲ್ಲಿ ಸೇರಿದ ಯೋಜನೆಗಳಲ್ಲಿ ‘ಎ’ ವರ್ಗದವು ಕೇಂದ್ರ ಸರಕಾರದ ಪರಿಶೀಲನೆಗೂ ‘ಬಿ’ ವರ್ಗದವು ರಾಜ್ಯಮಟ್ಟದ ಪ್ರಾಧಿಕಾರದ ಪರಿಶೀಲನೆಗೂ ಬರುತ್ತವೆ. ‘ಬಿ’ ವರ್ಗದಲ್ಲಿ ಮತ್ತೆ ಎರಡು ಭೇದಗಳು. ಎರಡನೆಯ ಭೇದಕ್ಕೆ ಸೇರಿದವುಗಳಿಗೆ ಪೂರ್ಣ ವರದಿಯೂ ಬೇಡ, ಸಾರ್ವಜನಿಕ ಆಲಿಕೆಯೂ ಬೇಡ. ಆದುದರಿಂದ ಓದುಗನು ಕೇಳಬೇಕಾದ ಮೊದಲನೆಯ ಪ್ರಶ್ನೆ ವರದಿಯ ಒಳಗಿನದಲ್ಲ, ಹೊರಗಿನದು: ಈ ಯೋಜನೆಯನ್ನು ಯಾವ ವರ್ಗದಲ್ಲಿ ಇಡಲಾಗಿದೆ? ಎಲ್ಲೆಗೆರೆಯ ಯಾವ ಬದಿಯಲ್ಲಿ ಅದು ನಿಂತಿದೆ? ಉದಾಹರಣೆಗೆ, ೨೫ ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗಳನ್ನು ೨೦೦೬ರ ಅಧಿಸೂಚನೆಯು ಪಟ್ಟಿಯಿಂದ ಹೊರಗಿಟ್ಟಿತು. ಹೊಳೆಗೆ ೨೫ ಮೆಗಾವಾಟಿಗೂ ೨೪ ಮೆಗಾವಾಟಿಗೂ ನಡುವೆ ಹೇಳಿಕೊಳ್ಳುವ ಭೇದವಿಲ್ಲ. ಕಾಗದಪತ್ರಕ್ಕೆ ಮಾತ್ರ ಅದು ಬಹಳ ದೊಡ್ಡ ಭೇದ.

ಮುಂಬಯಿಯ ವಾಚಕರಿಗೆ ಕಣ್ಣೆದುರಿನ ನಿದರ್ಶನವೂ ಉಂಟು. ನಗರದ ಕರಾವಳಿ ರಸ್ತೆಯ ಕಾಮಗಾರಿಗೆ ೨೦೦೬ರ ಅಧಿಸೂಚನೆಯನ್ವಯ ಪ್ರತ್ಯೇಕ ಅನುಮತಿ ಬೇಕೇ ಎಂಬ ಪ್ರಶ್ನೆಯೆದ್ದಾಗ, ಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು ೨೦೧೯ರ ಜುಲೈಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಿತ್ತುದರಿಂದ ಕಾಮಗಾರಿ ಮುಂದುವರಿಯಿತು. ವರ್ಗೀಕರಣವು ಗುಮಾಸ್ತರ ಕೆಲಸವೆಂದು ಉಪೇಕ್ಷಿಸುವಂತಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೩. ಗ್ರಂಥದ ರಚನೆ ಮತ್ತು ಸಾರಾಂಶದ ಮಿತಿ

ವರದಿಯ ಸಾಮಾನ್ಯ ರಚನೆಯನ್ನು ಅಧಿಸೂಚನೆಯ ಮೂರನೆಯ ಅನುಬಂಧವು ನಿರ್ದೇಶಿಸಿದೆ. ಅದರಂತೆ ಅಧ್ಯಾಯಗಳು ಹನ್ನೆರಡು: ಪೀಠಿಕೆ, ಯೋಜನೆಯ ವಿವರಣೆ, ಪರಿಸರದ ವಿವರಣೆ, ನಿರೀಕ್ಷಿತ ಪರಿಣಾಮಗಳೂ ಅವುಗಳ ಶಮನೋಪಾಯಗಳೂ, ಸ್ಥಳ ಹಾಗೂ ತಂತ್ರಜ್ಞಾನದ ಪರ್ಯಾಯಗಳು, ಪರಿಸರ ವೀಕ್ಷಣಾ ಕಾರ್ಯಕ್ರಮ, ಹೆಚ್ಚುವರಿ ಅಧ್ಯಯನಗಳು, ಯೋಜನೆಯ ಪ್ರಯೋಜನಗಳು, ಪರಿಸರ ದೃಷ್ಟಿಯ ಲಾಭ-ವೆಚ್ಚ ವಿಶ್ಲೇಷಣೆ, ಪರಿಸರ ನಿರ್ವಹಣಾ ಯೋಜನೆ, ಸಾರಾಂಶ ಹಾಗೂ ನಿರ್ಣಯ, ಕೊನೆಯದಾಗಿ ವರದಿಯನ್ನು ಸಿದ್ಧಪಡಿಸಿದ ಸಲಹೆಗಾರರ ಪರಿಚಯ.

ಇದರ ಜೊತೆಗೆ ಒಂದು ಪ್ರತ್ಯೇಕ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕೆಂದು ನಿಯಮವಿದೆ. ಈ ಸಾರಾಂಶವು ಎ-೪ ಅಳತೆಯ ಹತ್ತು ಪುಟಗಳನ್ನು ಮೀರುವಂತಿಲ್ಲ. ಅದರಲ್ಲಿ ಯಾವ ಯಾವ ಅಧ್ಯಾಯಗಳ ಸಂಗ್ರಹವು ಅವಶ್ಯವಾಗಿ ಇರಬೇಕೆಂದೂ ಅಧಿಸೂಚನೆಯು ಹೇಳುತ್ತದೆ, ಅವು ಏಳು. ಯೋಜನೆಯ ವಿವರಣೆ, ಪರಿಸರದ ವಿವರಣೆ, ಪರಿಣಾಮಗಳು, ವೀಕ್ಷಣೆ, ಹೆಚ್ಚುವರಿ ಅಧ್ಯಯನಗಳು, ಪ್ರಯೋಜನಗಳು, ನಿರ್ವಹಣಾ ಯೋಜನೆ. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಯೋಜನೆಯ ಪ್ರಯೋಜನಗಳು ಕನ್ನಡದ ಸಾರಾಂಶದಲ್ಲಿ ಬರಲೇಬೇಕು. ಆದರೆ ಬೇರೆ ಸ್ಥಳವಿತ್ತೇ ಎಂಬ ಪರ್ಯಾಯಗಳ ಅಧ್ಯಾಯ, ಲಾಭ-ವೆಚ್ಚಗಳ ತೂಕ, ಹಾಗೂ ವರದಿಯನ್ನು ಬರೆದವರಾರೆಂಬ ಪರಿಚಯ, ಈ ಮೂರೂ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಯಾರ ಹೊಲದ ಮೇಲೆ ಯೋಜನೆ ಬರಲಿದೆಯೋ ಅವರಿಗೆ ಅವರ ಭಾಷೆಯಲ್ಲಿ ತಿಳಿಯುವುದು ಪ್ರಯೋಜನ. ತಿಳಿಯದೆ ಉಳಿಯಬಹುದಾದುದು ಪರ್ಯಾಯ.

ಭಾಷೆಯ ಈ ಪ್ರಶ್ನೆ ನ್ಯಾಯಾಲಯಗಳ ಎದುರೂ ಬಂದಿದೆ. ಅಧಿಸೂಚನೆಯನ್ನೇ ಬದಲಿಸಲು ೨೦೨೦ರಲ್ಲಿ ಪ್ರಕಟವಾದ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ್ ೩೦ರಂದು ಆದೇಶಿಸಿತು. ಆ ಕರಡನ್ನು ಅಂತಿಮಗೊಳಿಸುವುದಕ್ಕೆ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಮಧ್ಯಂತರ ತಡೆಯನ್ನು ನೀಡಿತು. ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳದಿರುವುದಕ್ಕೆ ಸಮಾನವೆಂಬ ಸಾಮಾನ್ಯ ವಿವೇಕವೇ ಈ ವಿವಾದದ ತಿರುಳು.

೪. ಶಾಸನವನ್ನು ಓದುವಂತೆ

ಈ ತ್ರೈಮಾಸಿಕದ ವಾಚಕರಿಗೆ ಶಾಸನಗಳನ್ನು ಪರಿಶೀಲಿಸುವ ಕ್ರಮವು ಪರಿಚಿತವಾದುದು. ಶಿಲಾಲೇಖವೊಂದು ದೊರೆತಾಗ ಸಂಶೋಧಕನು ಅದರ ಪ್ರಶಸ್ತಿಭಾಗವನ್ನು ನಂಬಿ ನಿಲ್ಲುವುದಿಲ್ಲ. ಬರೆಯಿಸಿದವರಾರು, ಕಾಲ ಯಾವುದು, ದತ್ತಿಯ ಚತುಸ್ಸೀಮೆ ಎಲ್ಲಿಂದೆಲ್ಲಿಗೆ, ಇದು ಮೂಲಪಾಠವೋ ಕೂಟಶಾಸನವೋ ಎಂದು ವಿಚಾರಿಸುತ್ತಾನೆ. ಪರಿಸರ ವರದಿಯನ್ನೂ ಈ ನಾಲ್ಕು ಪ್ರಶ್ನೆಗಳಿಂದಲೇ ಆರಂಭಿಸಬಹುದು.

ಬರೆಯಿಸಿದವರಾರು? ವರದಿಯನ್ನು ಸಿದ್ಧಪಡಿಸುವ ಸಲಹಾಸಂಸ್ಥೆಯನ್ನು ನೇಮಿಸುವವನೂ ಅದಕ್ಕೆ ಸಂಭಾವನೆ ಕೊಡುವವನೂ ಯೋಜನೆಯ ಪ್ರವರ್ತಕನೇ. ಸಂಸ್ಥೆಗೆ ಮಾನ್ಯತೆಯಿರಬೇಕೆಂಬ ನಿಯಮವಿದೆ. ಆದರೂ ಹಣದ ಸಂಬಂಧವು ಹಾಗೆಯೇ ಉಳಿಯುತ್ತದೆ. ಇಷ್ಟರಿಂದಲೇ ವರದಿ ಸುಳ್ಳೆಂದು ಹೇಳಲಾಗದು. ಪ್ರಶಸ್ತಿಯನ್ನು ಪ್ರಶಸ್ತಿಯೆಂದು ತಿಳಿದು ಓದಬೇಕೆಂದಷ್ಟೇ ಅರ್ಥ. ಹನ್ನೆರಡನೆಯ ಅಧ್ಯಾಯವನ್ನು ಮೊದಲು ತೆರೆದು, ಹೊಳೆಯ ಮೀನುಗಳ ಕುರಿತು ಬರೆದ ತಂಡದಲ್ಲಿ ಮತ್ಸ್ಯಶಾಸ್ತ್ರಜ್ಞರಿದ್ದರೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಕಾಲ ಯಾವುದು? ಯೋಜನೆ ಬರುವ ಮುನ್ನ ಪರಿಸರವು ಹೇಗಿತ್ತೆಂಬ ದಾಖಲೆಗೆ ಆಧಾರಸ್ಥಿತಿಯೆನ್ನಬಹುದು. ಮುಂದಿನ ಎಲ್ಲ ಊಹೆಗಳೂ ಇದರ ಮೇಲೆ ನಿಂತಿವೆ. ಅನೇಕ ಬಗೆಯ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಅಳತೆ ಸಾಕೆಂಬ ರೂಢಿಯಿದೆ. ಪಶ್ಚಿಮ ಘಟ್ಟ ಹಾಗೂ ಕರಾವಳಿಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಅಲ್ಲಿಯ ವರ್ಷಾಕಾಲವೇ ಅಲ್ಲಿಯ ಜೀವನಕ್ರಮವನ್ನು ನಿರ್ಧರಿಸುವಂಥದು. ಮಾರ್ಚಿನಿಂದ ಮೇ ತಿಂಗಳವರೆಗೆ ಅಳೆದವನಿಗೆ ಹಳ್ಳಗಳು ಬತ್ತಿದ ಕಲ್ಲುಹಾಸುಗಳಾಗಿ ತೋರುತ್ತವೆ, ಬೈಲುಗದ್ದೆಗಳು ಬರಿಯ ಬಯಲಾಗಿರುತ್ತವೆ, ಕಪ್ಪೆಗಳ ದನಿಯಿರುವುದಿಲ್ಲ, ಮಳೆಯೊಡನೆ ಹುಟ್ಟಿ ಮಳೆಯೊಡನೆ ಅಳಿಯುವ ಸಸ್ಯಗಳು ಪಟ್ಟಿಗೇ ಬರುವುದಿಲ್ಲ. ‘ಯೋಜನಾಪ್ರದೇಶದಲ್ಲಿ ಗಮನಾರ್ಹ ಜಲಮೂಲಗಳಿಲ್ಲ’ ಎಂಬ ವಾಕ್ಯವು ಏಪ್ರಿಲಿನಲ್ಲಿ ಸತ್ಯವಾಗಿದ್ದು ಜುಲೈಯಲ್ಲಿ ಅಸತ್ಯವಾಗಿರಬಹುದು. ಆದುದರಿಂದ ಪ್ರತಿಯೊಂದು ಕೋಷ್ಟಕದ ತಲೆಬರಹದಲ್ಲಿ ತಿಂಗಳನ್ನೂ ವರ್ಷವನ್ನೂ ಹುಡುಕಬೇಕು.

ಚತುಸ್ಸೀಮೆ ಯಾವುದು? ಸಾಮಾನ್ಯವಾಗಿ ಯೋಜನಾಸ್ಥಳದಿಂದ ೧೦ ಕಿಲೋಮೀಟರ್ ತ್ರಿಜ್ಯದ ಪ್ರದೇಶವನ್ನು ಅಧ್ಯಯನಕ್ಕೆ ಎತ್ತಿಕೊಳ್ಳುತ್ತಾರೆ. ವೃತ್ತವನ್ನು ಕೈವಾರದಿಂದ ಎಳೆಯಬಹುದು. ಆದರೆ ನದಿಯು ವೃತ್ತದೊಳಗೆ ಹರಿದು ನಿಲ್ಲುವುದಿಲ್ಲ. ಘಟ್ಟದ ಮೇಲೆ ನೀರನ್ನು ತಡೆದರೆ ಅದರ ಫಲವು ಅಳಿವೆಯ ಬಾಯಲ್ಲಿ, ಉಪ್ಪುನೀರು ಒಳನುಗ್ಗುವ ಗದ್ದೆಗಳಲ್ಲಿ, ಸಿಹಿನೀರು ಉಪ್ಪುನೀರು ಬೆರೆಯುವಲ್ಲಿ ಬೆಳೆಯುವ ಮೀನು-ಚಿಪ್ಪುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಹೊಳೆಯ ಮೇಲೆ ಇನ್ನೂ ಎಷ್ಟು ಯೋಜನೆಗಳಿವೆ, ಅವೆಲ್ಲದರ ಒಟ್ಟು ಪರಿಣಾಮವೇನು ಎಂಬುದನ್ನೂ ಕೇಳಬೇಕು.

ಮೂಲವೋ ಕೂಟವೋ? ಇದು ಅತಿಶಯೋಕ್ತಿಯ ಪ್ರಶ್ನೆಯಲ್ಲ. ಉತ್ತರ ಕನ್ನಡದ ದಾಂಡೇಲಿಯ ಬಳಿ ಕಾಳಿ ನದಿಗೆ ಪ್ರಸ್ತಾಪಿಸಿದ್ದ ಕಿರುಜಲವಿದ್ಯುತ್ ಯೋಜನೆಯ ವರದಿಯನ್ನು ೨೦೦೦ದಲ್ಲಿ ಪರಿಸರ ಕಾರ್ಯಕರ್ತರು ಸಾಲುಸಾಲಾಗಿ ಪರಿಶೀಲಿಸಿದಾಗ, ಅದರ ಬಹುಭಾಗವು ಅದೇ ಕಣಿವೆಯ ತಟ್ಟಿಹಳ್ಳ ಯೋಜನೆಗೆ ಬೇರೊಂದು ಸಂಸ್ಥೆ ಬರೆದಿದ್ದ ವರದಿಯಿಂದ ಹಾಗೆಯೇ ಇಳಿಸಿಕೊಂಡದ್ದೆಂದು ಕಂಡುಬಂದಿತು. ವರದಿಯನ್ನು ಸಿದ್ಧಪಡಿಸಿದ ಪ್ರಸಿದ್ಧ ಸಲಹಾಸಂಸ್ಥೆಯು ಕೊನೆಗೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಸ್ತಪ್ರತಿಗಳ ಪಾಠಾಂತರವನ್ನು ಗುರುತಿಸುವ ಕಣ್ಣೇ ಇಲ್ಲಿಯೂ ಕೆಲಸಮಾಡಿತು. ಸಸ್ಯಪಟ್ಟಿಯಲ್ಲಿ ಊರಿನಲ್ಲಿಲ್ಲದ ಮರ, ನಕ್ಷೆಯಲ್ಲಿ ಬೇರೆ ತಾಲೂಕಿನ ಹಳ್ಳಿ, ನಡುವೆ ಇದ್ದಕ್ಕಿದ್ದಂತೆ ಬದಲಾಗುವ ಯೋಜನೆಯ ಹೆಸರು, ಇವು ನಕಲಿನ ಕುರುಹುಗಳು. ಇವನ್ನು ಹಿಡಿಯಲು ವಿಜ್ಞಾನದ ಪದವಿ ಬೇಡ. ಊರನ್ನು ಬಲ್ಲವರು ಸಾಕು.

ಹೇಳಿದ ಮಾತಿನಷ್ಟೇ ಹೇಳದ ಮಾತೂ ಮುಖ್ಯ. ಗೋವೆಯ ಮೋಪಾ ವಿಮಾನನಿಲ್ದಾಣದ ಪ್ರಕರಣದಲ್ಲಿ, ಆರಂಭದ ಅರ್ಜಿಯಲ್ಲಿಯೇ ಸುತ್ತಣ ಕಾಡು ಹಾಗೂ ಪರಿಸರಸೂಕ್ಷ್ಮ ಪ್ರದೇಶಗಳ ಮಾಹಿತಿಯನ್ನು ಸರಿಯಾಗಿ ಕೊಟ್ಟಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮಾರ್ಚ್ ೨೯ರಂದು ನಿರ್ಣಯಿಸಿ, ಅನುಮತಿಯನ್ನು ಅಮಾನತಿನಲ್ಲಿಟ್ಟು, ತಜ್ಞ ಸಮಿತಿಯು ಮತ್ತೆ ಪರಿಶೀಲಿಸಬೇಕೆಂದು ಆಜ್ಞಾಪಿಸಿತು. ಮರುಪರಿಶೀಲನೆ ನಡೆದು, ಹೆಚ್ಚಿನ ನಿಬಂಧನೆಗಳು ಸೇರಿದ ಮೇಲೆ ೨೦೨೦ರ ಜನವರಿಯಲ್ಲಿ ಅಮಾನತು ತೆರವಾಯಿತು. ನಿಲ್ದಾಣವು ಕಟ್ಟಲ್ಪಟ್ಟಿತು, ಆದರೆ ಮೌನವೂ ಒಂದು ದೋಷವೆಂಬುದು ನ್ಯಾಯನಿರ್ಣಯದಲ್ಲಿ ದಾಖಲಾಯಿತು.

೫. ಸಂಖ್ಯೆಗಳ ಅರ್ಥ

ಕೋಷ್ಟಕಗಳನ್ನು ಕಂಡೊಡನೆ ಸಾಮಾನ್ಯ ವಾಚಕನು ಪುಟ ಮಗುಚುವುದು ಸಹಜ. ಆದರೆ ಅವುಗಳಲ್ಲಿ ಬಹುಪಾಲು ಕೂಡಿಸುವ-ಕಳೆಯುವ ಲೆಕ್ಕಕ್ಕಿಂತ ಕಠಿಣವಲ್ಲ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಾಳಿಯಲ್ಲಿ ತೇಲುವ ೧೦ ಮೈಕ್ರಾನ್‌ವರೆಗಿನ ಧೂಳಿಗೆ ೨೪ ಗಂಟೆಗಳ ಸರಾಸರಿಯಾಗಿ ಘನಮೀಟರಿಗೆ ೧೦೦ ಮೈಕ್ರೋಗ್ರಾಂ ಎಂದು ೨೦೦೯ರ ರಾಷ್ಟ್ರೀಯ ಮಾನವು ಮಿತಿಯನ್ನು ವಿಧಿಸಿದೆ. ಊರಿನಲ್ಲಿ ಈಗ ೮೮ ಇದೆಯೆನ್ನೋಣ, ಕಾರ್ಖಾನೆಯಿಂದ ೬ ಸೇರುತ್ತದೆ, ಒಟ್ಟು ೯೪. ‘ಮಿತಿಯೊಳಗಿದೆ’ ಎಂದು ವರದಿಯು ಮುಗಿಸುತ್ತದೆ. ವಾಕ್ಯವು ಸರಿಯಾದುದೇ. ಆದರೆ ಉಳಿದಿದ್ದ ೧೨ ಅಂಶಗಳ ಅವಕಾಶದಲ್ಲಿ ಅರ್ಧವನ್ನು ಈ ಒಂದೇ ಯೋಜನೆಯು ಬಳಸಿಕೊಂಡಿತೆಂಬ ಅರ್ಥವೂ ಆ ಸಂಖ್ಯೆಯಲ್ಲಿಯೇ ಅಡಗಿದೆ. ಈ ೮೮ ಸರಾಸರಿಯೋ ಗರಿಷ್ಠವೋ, ಅಳತೆಯ ಯಂತ್ರವನ್ನು ಶಾಲೆಯ ಬಳಿ ಇಟ್ಟಿದ್ದರೋ ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾದ ಗುಡ್ಡದ ಮೇಲೆ ಇಟ್ಟಿದ್ದರೋ ಎಂಬ ಪ್ರಶ್ನೆಗಳು ಅನಂತರ ತಾವಾಗಿಯೇ ಹುಟ್ಟುತ್ತವೆ.

ಪರಿಣಾಮಗಳಿಗೆ ಅಂಕಗಳನ್ನು ಕೊಟ್ಟು ಕೂಡಿಸಿದ ಕೋಷ್ಟಕಗಳೂ ಕೆಲವು ವರದಿಗಳಲ್ಲಿ ಇರುತ್ತವೆ. ಕಾಡಿನ ನಾಶಕ್ಕೆ ಋಣ ಮೂರು, ಉದ್ಯೋಗಕ್ಕೆ ಧನ ನಾಲ್ಕು, ಒಟ್ಟಿನಲ್ಲಿ ಧನ ಒಂದು ಎಂಬಂತೆ. ಅಂಕಗಣಿತವು ನಿರ್ದೋಷವಾದರೂ ಅಂಕ ಕೊಟ್ಟವರಾರು, ಯಾವ ಆಧಾರದಿಂದ ಎಂಬುದೇ ಮುಖ್ಯ.

ಶಮನೋಪಾಯಗಳ ಭಾಷೆಯನ್ನು ವಿಶೇಷವಾಗಿ ಗಮನಿಸಬೇಕು. ‘ಸಾಧ್ಯವಾದಷ್ಟು ಮಟ್ಟಿಗೆ’, ‘ಅಗತ್ಯವಿದ್ದಲ್ಲಿ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ನುಡಿಗಳು ಯಾರನ್ನೂ ಯಾವುದಕ್ಕೂ ಬದ್ಧಗೊಳಿಸುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಒಪ್ಪಿಕೊಂಡ ಪ್ರತಿಯೊಂದು ಪರಿಣಾಮಕ್ಕೂ ಹತ್ತನೆಯ ಅಧ್ಯಾಯವಾದ ನಿರ್ವಹಣಾ ಯೋಜನೆಯಲ್ಲಿ ಒಂದು ಸಾಲು ಇದೆಯೇ, ಆ ಸಾಲಿಗೆ ಹಣ, ಕಾಲಮಿತಿ, ಹೊಣೆಗಾರ ಈ ಮೂರೂ ನಮೂದಾಗಿವೆಯೇ ಎಂದು ಪೆನ್ಸಿಲು ಹಿಡಿದು ಗುರುತುಹಾಕುತ್ತ ಹೋದರೆ, ಒಂದು ದಿನದಲ್ಲಿಯೇ ವರದಿಯ ಬಲಾಬಲವು ಗೋಚರವಾಗುತ್ತದೆ.

೬. ಪರ್ಯಾಯಗಳ ಅಧ್ಯಾಯ

ಗ್ರಂಥದ ಹೃದಯವೆಂದು ಮೇಲೆ ಹೇಳಿದುದು ಐದನೆಯ ಅಧ್ಯಾಯವನ್ನು. ಈ ಯೋಜನೆಯನ್ನು ಇಲ್ಲಿಯೇ, ಹೀಗೆಯೇ ಮಾಡಬೇಕೇ ಎಂಬ ಪ್ರಶ್ನೆಗೆ ಉತ್ತರವಿರಬೇಕಾದ ಸ್ಥಾನವದು. ಮಿಕ್ಕ ಅಧ್ಯಾಯಗಳು ಹಾನಿಯನ್ನು ಅಳೆಯುತ್ತವೆ. ಇದೊಂದೇ ಹಾನಿಯನ್ನು ತಪ್ಪಿಸುವ ದಾರಿಯನ್ನು ವಿಚಾರಿಸುತ್ತದೆ. ಅದು ಒಂದೆರಡು ಪುಟಗಳಲ್ಲಿ ಮುಗಿದಿದ್ದರೆ, ಅಥವಾ ಎರಡನೆಯ ಮೂರನೆಯ ಸ್ಥಳಗಳೆಂದು ಹೇಳಿದವು ಮೊದಲನೆಯದರ ನೆರೆಯ ಸರ್ವೆ ನಂಬರುಗಳೇ ಆಗಿದ್ದರೆ, ಅಲ್ಲಿ ನಿಜವಾದ ಆಯ್ಕೆ ನಡೆದಿಲ್ಲವೆಂದು ಊಹಿಸಲು ಅವಕಾಶವಿದೆ. ಯೋಜನೆಯನ್ನು ಕೈಗೊಳ್ಳದಿರುವುದೂ ಒಂದು ಪರ್ಯಾಯವೆಂಬುದನ್ನು ಮರೆಯಬಾರದು.

ಈ ಬಗೆಯ ವಿಚಾರಣೆಗೆ ಕನ್ನಡನಾಡಿನಲ್ಲಿ ಕಾನೂನಿಗಿಂತಲೂ ಹಿಂದಿನ ಒಂದು ಪರಂಪರೆಯಿದೆ. ಉತ್ತರ ಕನ್ನಡದ ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟನ್ನು ಕಟ್ಟುವ ಪ್ರಸ್ತಾಪ ಬಂದಾಗ, ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ೧೯೮೧ರಲ್ಲಿ ವಿಜ್ಞಾನಿಗಳನ್ನು ಆಹ್ವಾನಿಸಿ ವಿಚಾರಸಂಕಿರಣವೊಂದನ್ನು ನಡೆಸಿತು. ಯೋಜನೆಯ ಲಾಭ-ವೆಚ್ಚದ ಲೆಕ್ಕದಲ್ಲಿ ಮುಳುಗಲಿರುವ ಅಡಕೆತೋಟ, ಕಾಡು ಇವುಗಳ ಬೆಲೆಯನ್ನು ಹೇಗೆ ಹಿಡಿಯಲಾಗಿದೆಯೆಂಬುದು ಅಲ್ಲಿ ಚರ್ಚೆಗೆ ಬಂದಿತು. ಯೋಜನೆಯು ಮುಂದೆ ನೆನೆಗುದಿಗೆ ಬಿದ್ದಿತು. ಅಡಕೆ ಮಾರುವ ರೈತರ ಸಂಘವೊಂದು ಸರಕಾರದ ಅಂಕಿ-ಅಂಶಗಳನ್ನು ಘೋಷಣೆಯಿಂದಲ್ಲ, ಲೆಕ್ಕದಿಂದ ಎದುರಿಸಿತೆಂಬುದು ಇಲ್ಲಿಯ ವಿಶೇಷ. ಆಗ ಇ.ಐ.ಎ. ಅಧಿಸೂಚನೆಯಾಗಲಿ ಸಾರ್ವಜನಿಕ ಆಲಿಕೆಯ ಹಕ್ಕಾಗಲಿ ಇರಲಿಲ್ಲ.

೭. ಓದಿದ ಬಳಿಕ

ಸಾರ್ವಜನಿಕ ಆಲಿಕೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಏರ್ಪಡಿಸುತ್ತದೆ. ಕನಿಷ್ಠ ೩೦ ದಿನಗಳ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಬರಬೇಕು. ಕರಡು ವರದಿಯು ಜಿಲ್ಲಾಧಿಕಾರಿಯ ಕಚೇರಿ, ಜಿಲ್ಲಾ ಪಂಚಾಯತಿ ಮೊದಲಾದೆಡೆ ಓದಲು ದೊರೆಯಬೇಕು. ಸಭೆಗೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗೆ ಕಡಿಮೆಯಲ್ಲದ ಅವರ ಪ್ರತಿನಿಧಿ ಅಧ್ಯಕ್ಷರು. ಹಾಜರಾತಿಗೆ ಕೋರಂ ಇಲ್ಲ. ನಡವಳಿಯ ಸಾರವನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು.

ಇದು ಮತದಾನವಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಸಾವಿರ ಜನ ಬೇಡವೆಂದರೂ ಅಷ್ಟರಿಂದಲೇ ಯೋಜನೆಯು ನಿಲ್ಲುವುದಿಲ್ಲ. ಆದರೆ ಅಲ್ಲಿ ಎತ್ತಿದ ಪರಿಸರಸಂಬಂಧಿ ಪ್ರಶ್ನೆಗಳಿಗೆ ಪ್ರವರ್ತಕನು ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕು. ತಜ್ಞ ಸಮಿತಿಯು ಅದನ್ನು ಪರಿಶೀಲಿಸಲೇಬೇಕು. ಆದುದರಿಂದ “ನಮ್ಮ ಹೊಳೆ ಹಾಳಾಗುತ್ತದೆ” ಎಂಬ ನಿಜವಾದ ಸಂಕಟಕ್ಕಿಂತ, “ಮೂರನೆಯ ಅಧ್ಯಾಯದ ಇಂಥ ಕೋಷ್ಟಕದಲ್ಲಿ ಹೊಳೆಯ ಹರಿವನ್ನು ಏಪ್ರಿಲಿನಲ್ಲಿ ಮಾತ್ರ ಅಳೆಯಲಾಗಿದೆ, ಮಳೆಗಾಲದ ಅಳತೆ ಎಲ್ಲಿ?” ಎಂಬ ಪ್ರಶ್ನೆಯು ಕಡತದಲ್ಲಿ ಹೆಚ್ಚು ಕಾಲ ಬಾಳುತ್ತದೆ. ಸಂಕಟವನ್ನು ಅಂಥ ಪ್ರಶ್ನೆಯಾಗಿ ಪರಿವರ್ತಿಸುವುದೇ ಓದಿನ ಪ್ರಯೋಜನ.

ದೂರದ ನಗರಗಳಲ್ಲಿರುವವರಿಗೂ ಇಲ್ಲಿ ಸ್ಥಾನವಿದೆ. ಸಾರ್ವಜನಿಕ ಸಮಾಲೋಚನೆಗೆ ಅಧಿಸೂಚನೆಯು ಎರಡು ಅಂಗಗಳನ್ನು ಹೇಳಿದೆ: ಸ್ಥಳೀಯರ ಆಲಿಕೆ ಒಂದು, ಯೋಜನೆಯ ಪರಿಸರ ಅಂಶಗಳಲ್ಲಿ ಆಸಕ್ತಿಗೆ ಕಾರಣವುಳ್ಳ ಇತರರ ಲಿಖಿತ ಅಭಿಪ್ರಾಯ ಮತ್ತೊಂದು. ಊರಿನಲ್ಲಿ ಜಮೀನು ಇರುವ ಮುಂಬಯಿಯ ಕನ್ನಡಿಗನು ಪ್ರಕಟಣೆಯಲ್ಲಿ ಸೂಚಿಸಿದ ಅವಧಿಯೊಳಗೆ ಮಂಡಳಿಗೆ ಲಿಖಿತವಾಗಿ ಬರೆದು ಕಳುಹಿಸಬಹುದು.

ಅನುಮತಿ ದೊರೆತ ಮೇಲೂ ಓದು ಮುಗಿಯುವುದಿಲ್ಲ. ಆದೇಶಕ್ಕೆ ಲಗತ್ತಿಸಿದ ನಿಬಂಧನೆಗಳನ್ನು ಪಾಲಿಸಿದ ಬಗ್ಗೆ ಪ್ರವರ್ತಕನು ಜೂನ್ ೧ ಹಾಗೂ ಡಿಸೆಂಬರ್ ೧ರಂದು ಅರ್ಧವಾರ್ಷಿಕ ವರದಿಗಳನ್ನು ಸಲ್ಲಿಸಬೇಕೆಂದು ೨೦೦೬ರ ಅಧಿಸೂಚನೆಯು ವಿಧಿಸಿತು. ಅನುಮತಿಯನ್ನು ಪ್ರಶ್ನಿಸಬೇಕಾದರೆ ೨೦೧೦ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ೩೦ ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನೂ ೬೦ ದಿನಗಳವರೆಗೆ ಅವಕಾಶವುಂಟು. ಅದರಾಚೆಗೆ ಬಾಗಿಲು ಮುಚ್ಚುತ್ತದೆ.

೮. ಉಪಸಂಹಾರ

ಈ ವರದಿಗಳೆಲ್ಲ ವಂಚನೆಯೆಂದಾಗಲಿ, ಯೋಜನೆಗಳೆಲ್ಲ ಅನಿಷ್ಟವೆಂದಾಗಲಿ ಇಲ್ಲಿ ಹೇಳಹೊರಟಿಲ್ಲ. ದೇಶಕ್ಕೆ ವಿದ್ಯುತ್ತೂ ಬೇಕು, ದಾರಿಯೂ ಬೇಕು. ಶ್ರದ್ಧೆಯಿಂದ ಬರೆದ ವರದಿಯೊಂದು ಆ ಪ್ರದೇಶದ ಪ್ರಕೃತಿ ಹಾಗೂ ಜನಜೀವನಗಳ ಅಮೂಲ್ಯ ದಾಖಲೆಯೂ ಆಗಬಲ್ಲದು. ಆದರೆ ಯಾವ ದಾಖಲೆಯೂ ಓದುವವರಿಲ್ಲದೆ ಪ್ರಮಾಣವಾಗುವುದಿಲ್ಲ.

ಊರಿನವರಿಗೆ ಹಳ್ಳದ ಮಳೆಗಾಲದ ಹರಿವು ತಿಳಿದಿದೆ. ಇಂಗ್ಲಿಷಿನ ಕೋಷ್ಟಕ ತಿಳಿದಿಲ್ಲ. ನಗರದಲ್ಲಿರುವವರಿಗೆ ಕೋಷ್ಟಕ ತಿಳಿದೀತು, ಹಳ್ಳವು ಮರೆತುಹೋಗಿರಬಹುದು. ಕನ್ನಡ ಸಂಘಗಳು ಈ ಇಬ್ಬರ ನಡುವೆ ಸೇತುವಾಗಿ ನಿಂತು, ತಮ್ಮ ಸದಸ್ಯರ ಊರುಗಳಿಗೆ ಸಂಬಂಧಿಸಿದ ವರದಿಗಳಲ್ಲಿ ಪರ್ಯಾಯಗಳ ಅಧ್ಯಾಯವೊಂದನ್ನಾದರೂ ಆಲಿಕೆಯ ದಿನಕ್ಕೆ ಮೊದಲು ಕನ್ನಡಕ್ಕೆ ತಂದು ಗ್ರಾಮ ಪಂಚಾಯತಿಗೆ ಮುಟ್ಟಿಸಿದರೆ, ಹತ್ತು ಪುಟಗಳ ಸಾರಾಂಶವು ಬಿಟ್ಟುದನ್ನು ಊರಿನವರು ತಮ್ಮ ನುಡಿಯಲ್ಲಿಯೇ ಓದಿ ವಿಚಾರಿಸುವಂತಾಗುತ್ತದೆ. ಅದಕ್ಕೆ ದೊರೆಯುವ ಕಾಲವು ಪ್ರಕಟಣೆಯಿಂದ ಮೂವತ್ತು ದಿನಗಳು ಮಾತ್ರ.